ಪಾತ್ರೆಯ ಮೇಲಿನ ಹೆಸರು ಯಾರದು?

ಪ್ರಶ್ನೆ: ನಮ್ಮದು ಕುಷ್ಟಗಿ ತಾಲ್ಲೂಕಿನ ಒಂದು ಹಳ್ಳಿ. ಹೋದ ವರ್ಷ ಅಜ್ಜಿ ತೀರಿಕೊಂಡರು. ಹಳೇ ಮಣ್ಣಿನ ಮನೆ ಕೆಡವಿ ಆರ್‌ಸಿಸಿ ಮನೆ ಕಟ್ಟಿಸಬೇಕು ಅಂತ ಅಣ್ಣಂದಿರು ತೀರ್ಮಾನ ಮಾಡಿದ್ದಾರೆ. ಅಟ್ಟದ ಮೇಲೆ ಒಂದು ಟ್ರಂಕು ಸಿಕ್ಕಿತು. ಅದರಲ್ಲಿ ಉರ್ದು ಕಾಗದಗಳ ಗಂಟು, ಕೆಲವು ಫೋಟೋ, ಎರಡು ಹಳೇ ಕೌದಿ ಇವೆ. ಪಕ್ಕದಲ್ಲೇ ಹಿತ್ತಾಳೆ, ತಾಮ್ರದ ಪಾತ್ರೆಗಳ ರಾಶಿ ಮತ್ತು ಬಣ್ಣ ಉದುರಿದ ಒಂದು ಮರದ ತೊಟ್ಟಿಲು. ಪಾತ್ರೆಗಳನ್ನು ಗುಜರಿಗೆ ಹಾಕೋಣ ಅಂತಾನೆ ದೊಡ್ಡಣ್ಣ. ಊರ ಶಾಲೆಯಲ್ಲಿ ಒಂದು ಕೋಣೆ ಕೇಳಿ ಮ್ಯೂಸಿಯಂ ಮಾಡಬೇಕು ಅಂತ ನನ್ನ ಆಸೆ. ಎಲ್ಲಿಂದ ಶುರು ಮಾಡಲಿ? ನಮ್ಮೂರಿಗೆ ಕೋಟೆ ಇಲ್ಲ, ಶಾಸನ ಇಲ್ಲ. ಇತಿಹಾಸ ಅಂತ ಹೇಳಿಕೊಳ್ಳೋಕೆ ಏನಾದರೂ ಇದೆಯಾ?

ಉತ್ತರ:

ನಿಮ್ಮ ಕೊನೆಯ ಪ್ರಶ್ನೆಯನ್ನೇ ಮೊದಲು ಎತ್ತಿಕೊಳ್ಳುತ್ತೇನೆ. ಅದು ನಿಮ್ಮೊಬ್ಬರ ಪ್ರಶ್ನೆಯಲ್ಲ. ಕೊಪ್ಪಳ, ರಾಯಚೂರು, ಬಳ್ಳಾರಿ ಸೀಮೆಯ ಹಳ್ಳಿಗಳಲ್ಲಿ ಎಷ್ಟೋ ಜನ ಹೀಗೇ ಕೇಳುತ್ತಾರೆ. ಅದಕ್ಕೆ ಕಾರಣವೂ ಇದೆ. ಕೊಪ್ಪಳದ ಗವಿಮಠದ ಹತ್ತಿರ ಮತ್ತು ಪಾಲ್ಕಿಗುಂಡಿನ ಮೇಲೆ ಅಶೋಕನ ಶಾಸನಗಳಿವೆ. 1915ರಲ್ಲಿ ಮಸ್ಕಿಯಲ್ಲಿ ಸಿಕ್ಕ ಶಾಸನದಲ್ಲಂತೂ ಅಶೋಕ ಅನ್ನುವ ಹೆಸರೇ ಇದೆ. ಹಿರೇಬೆಣಕಲ್ ಗುಡ್ಡದ ಮೇಲೆ ಎರಡು ಸಾವಿರ ವರ್ಷಕ್ಕೂ ಹಿಂದಿನ ಕಲ್ಲುಮನೆಗಳು ನಿಂತಿವೆ. ತುಂಗಭದ್ರಾ ಹೊಳೆ ದಾಟಿದರೆ ಹಂಪಿ. ಇಷ್ಟೆಲ್ಲ ಸುತ್ತಮುತ್ತ ಇರುವಾಗ ನಮ್ಮ ಪಡಸಾಲೆಯಲ್ಲಿ ಏನಿದೆ ಅಂತ ಯಾರಿಗಾದರೂ ಅನಿಸುತ್ತದೆ, ಅಲ್ವಾ? ಆದರೆ ಆ ಕಲ್ಲುಗಳನ್ನು ನೋಡಿಕೊಳ್ಳಲು ಇಲಾಖೆಗಳಿವೆ, ಓದಲು ವಿದ್ವಾಂಸರಿದ್ದಾರೆ. ನಿಮ್ಮ ಅಜ್ಜಿಯ ಅಟ್ಟವನ್ನು ಓದಬಲ್ಲವರು ನಿಮ್ಮ ಮನೆಯವರು ಮತ್ತು ಊರಿನ ನಾಲ್ಕಾರು ಹಿರಿಯರು ಮಾತ್ರ. ಆ ಹಿರಿಯರು ಎಂಬತ್ತರ ಆಸುಪಾಸಿನಲ್ಲಿರುತ್ತಾರೆ. ಹಾಗಾಗಿ ಇದು ಅವಸರದ ಕೆಲಸ.

ಈಗ ಮ್ಯೂಸಿಯಂ ವಿಷಯ. ನನ್ನ ಸಲಹೆ ಕೇಳಿದರೆ, ಸದ್ಯಕ್ಕೆ ಬೇಡ. ನಿಮ್ಮ ಉತ್ಸಾಹಕ್ಕೆ ತಣ್ಣೀರು ಎರಚಲು ಹೇಳುತ್ತಿಲ್ಲ. ಒಂದು ಕೋಣೆಗೆ ಸಾಮಾನು ತಂದು ಜೋಡಿಸುವುದು ಸುಲಭ. ಒಂದೆರಡು ವರ್ಷದಲ್ಲಿ ಹೆಡ್‌ಮಾಸ್ತರು ವರ್ಗ ಆಗುತ್ತಾರೆ. ಕೋಣೆಯನ್ನು ಬಿಸಿಯೂಟದ ಅಕ್ಕಿಗೆ ಬಿಟ್ಟುಕೊಡಬೇಕಾಗುತ್ತದೆ. ಆಮೇಲೆ ಈ ಬೀಸುವ ಕಲ್ಲು ಯಾರ ಮನೆಯದು, ಈ ಸೇರು ಯಾವ ಅಂಗಡಿಯದು ಅಂತ ಯಾರಿಗೂ ಗೊತ್ತಿರುವುದಿಲ್ಲ. ಹಿತ್ತಾಳೆ ಕೊಡ ನೂರು ವರ್ಷ ಬಾಳುತ್ತದೆ. ಅದು ಯಾರ ಮದುವೆಗೆ ಬಂತು ಅನ್ನುವ ಮಾತು ಒಂದು ಸಾವಿನೊಂದಿಗೆ ಹೋಗಿಬಿಡುತ್ತದೆ. ಮೊದಲು ಉಳಿಸಬೇಕಾದದ್ದು ಆ ಮಾತನ್ನು. ವಸ್ತು ಅದರ ಮನೆಯಲ್ಲೇ ಇರಲಿ. ಅದರ ಕಥೆ ಬರಹಕ್ಕೆ ಬರಲಿ.

ಮನೆ ಕೆಡವುವ ದಿನ ಗೊತ್ತಾಗಿದೆ ಅಂದರೆ ಟ್ರಂಕನ್ನು ಸದ್ಯ ಪಕ್ಕಕ್ಕಿಡಿ. ಮನೆಯಿಂದಲೇ ಶುರು ಮಾಡಿ. ನಿಮ್ಮ ಅತ್ತೆಯೋ ದೊಡ್ಡಮ್ಮನೋ ಆ ಮನೆಯಲ್ಲಿ ಬೆಳೆದವರು ಇದ್ದೇ ಇರುತ್ತಾರೆ. ಅವರನ್ನು ಕರೆದುಕೊಂಡು ಬಾಗಿಲಿನಿಂದ ಹಿತ್ತಿಲವರೆಗೆ ನಿಧಾನಕ್ಕೆ ನಡೆಯಿರಿ. ಫೋನಿನಲ್ಲಿ ವಿಡಿಯೊ ಓಡುತ್ತಿರಲಿ. ದನ ಎಲ್ಲಿ ಕಟ್ಟುತ್ತಿದ್ದರು? ಹಗೇವು ಎಲ್ಲಿತ್ತು? ಅದರಲ್ಲಿ ಎಷ್ಟು ಚೀಲ ಜೋಳ ಹಿಡಿಸುತ್ತಿತ್ತು, ಅದನ್ನು ಯಾವಾಗ ಮುಚ್ಚಿಸಿದರು? ಬಾಣಂತಿ ಕೋಣೆ ಯಾವುದು? ಯಾರು ಎಲ್ಲಿ ಕೂತು ಉಣ್ಣುತ್ತಿದ್ದರು? ಯಾರನ್ನು ಕಟ್ಟೆಯ ಮೇಲೆ ಕೂರಿಸುತ್ತಿದ್ದರು, ಯಾರನ್ನು ಅಂಗಳದಲ್ಲೇ ನಿಲ್ಲಿಸುತ್ತಿದ್ದರು? ಇದನ್ನು ಕೇಳೋಕೆ ಮುಜುಗರ ಆಗಬಹುದು. ಆದರೂ ಕೇಳಿ. ಆಮೇಲೆ ಟೇಪು ಹಿಡಿದು ಪ್ರತಿ ಕೋಣೆಯ ಉದ್ದ, ಅಗಲ, ಗೋಡೆಯ ದಪ್ಪ ಅಳೆದು ಒಂದು ಹಾಳೆಯ ಮೇಲೆ ನಕ್ಷೆ ಬರೆಯಿರಿ. ಚೆಂದ ಇರಬೇಕಿಲ್ಲ. ತೊಲೆ, ಕಂಬ, ಬಾಗಿಲ ಚೌಕಟ್ಟಿನ ಕೆತ್ತನೆಯ ಫೋಟೋ ತೆಗೆಯಿರಿ. ಬಡಿಗರು ಯಾರು, ಮರ ಎಲ್ಲಿಂದ ಬಂತು ಅಂತ ಗೊತ್ತಿದ್ದರೆ ಅದನ್ನೂ ಬರೆಯಿರಿ. ಅರ್ಧ ದಿನದ ಕೆಲಸ ಇದು. ಜೆಸಿಬಿ ಬಂದ ಮೇಲೆ ಎಷ್ಟು ದುಡ್ಡು ಕೊಟ್ಟರೂ ಆಗದ ಕೆಲಸ.

ಈಗ ಪಾತ್ರೆಗಳಿಗೆ ಬರೋಣ. ನಿಮ್ಮ ಅಣ್ಣನವರಿಗೆ ಅದು ತೂಕದ ಹಿತ್ತಾಳೆ. ನನಗೆ ನಿಮ್ಮ ಪತ್ರದಲ್ಲಿ ಎಲ್ಲಕ್ಕಿಂತ ಜಾಸ್ತಿ ಆಸೆ ಹುಟ್ಟಿಸಿದ್ದು ಆ ರಾಶಿಯೇ. ಒಂದೊಂದನ್ನೇ ಬಿಸಿಲಿಗೆ ತಂದು ಕಂಠದ ಸುತ್ತ, ತಳದ ಕೆಳಗೆ ನೋಡಿ. ಚುಕ್ಕಿ ಚುಕ್ಕಿಯಾಗಿ ಕೊರೆದ ಅಕ್ಷರಗಳು ಕಾಣಬೇಕು. ನಮ್ಮ ಕಡೆ ಪಾತ್ರೆಗೆ ಹೆಸರು ಹಾಕಿಸದೆ ಉಡುಗೊರೆ ಕೊಡುತ್ತಿದ್ದದ್ದು ಕಡಿಮೆ. ಕೊಟ್ಟವರ ಹೆಸರು, ಅವರ ಊರು, ಕೆಲವೊಮ್ಮೆ ತಾರೀಖು, ಕೆಲವೊಮ್ಮೆ ಯಾರ ಮದುವೆ ಅನ್ನುವುದೂ ಇರುತ್ತದೆ. ಅಕ್ಷರ ಸವೆದಿದ್ದರೆ ಕತ್ತಲೆ ಕೋಣೆಯಲ್ಲಿ ಪಾತ್ರೆ ಇಟ್ಟು, ಪಕ್ಕದಿಂದ ಓರೆಯಾಗಿ ಬ್ಯಾಟರಿ ಬಿಡಿ. ನೇರ ಬೆಳಕಿನಲ್ಲಿ ಕಾಣದ ಅಕ್ಷರ ಓರೆ ಬೆಳಕಿನಲ್ಲಿ ಎದ್ದು ಬರುತ್ತದೆ.

ಇದು ಯಾಕೆ ಮುಖ್ಯ ಅಂದರೆ, ನಮ್ಮಲ್ಲಿ ಮನೆತನದ ಇತಿಹಾಸ ಇಟ್ಟುಕೊಂಡು ಬಂದವರು ಹೆಳವರು. ಎತ್ತಿನ ಮೇಲೆ ಬಂದು, ಮನೆ ಮುಂದೆ ನಿಂತು, ಮೂಲಪುರುಷನಿಂದ ಹಿಡಿದು ವಂಶ ಹೇಳಿ, ಕಾಳು ಕಡಿ ಪಡೆದು ಹೋಗುತ್ತಿದ್ದರು. ಈಗಲೂ ಕೆಲವು ಊರುಗಳಿಗೆ ಪುಸ್ತಕ ಹಿಡಿದು ಬರುತ್ತಾರೆ. ನಿಮ್ಮ ಮನೆಗೆ ಬರುವ ಹೆಳವರು ಯಾರು ಅಂತ ವಿಚಾರಿಸಿ. ಬಂದರೆ ಕೂರಿಸಿ, ಊಟ ಹಾಕಿ, ಗೌರವದ ಕಾಣಿಕೆ ಕೊಟ್ಟು, ಅವರ ಒಪ್ಪಿಗೆ ಪಡೆದು ಧ್ವನಿ ಮುದ್ರಿಸಿಕೊಳ್ಳಿ. ಆದರೆ ಅವರು ಹೇಳುವುದು ಹೆಚ್ಚಾಗಿ ಗಂಡುಮಕ್ಕಳ ಸಾಲು. ಹೆಣ್ಣುಮಕ್ಕಳು ಯಾವ ಊರಿನಿಂದ ಬಂದರು, ಯಾವ ಊರಿಗೆ ಹೋದರು ಅನ್ನುವುದು ಪಾತ್ರೆಗಳ ಮೇಲಿದೆ. ನಿಮ್ಮ ಅಜ್ಜಿಯ ತವರು ಯಾವುದು, ಅವರ ಸೋದರಮಾವ ಯಾವ ಊರಿನವರು, ಹೊಳೆಯಾಚೆ ಎಷ್ಟು ದೂರದವರೆಗೆ ಬೀಗತನ ಇತ್ತು ಅನ್ನುವ ನಕ್ಷೆಯನ್ನು ಆ ರಾಶಿಯಿಂದಲೇ ಬರೆಯಬಹುದು. ಹತ್ತು ಮನೆಗಳ ಪಾತ್ರೆ ಹೀಗೆ ಓದಿದರೆ ಇಡೀ ಊರಿನ ನಂಟು ಕಾಣುತ್ತದೆ. ಬೇರೆ ದಾಖಲೆಗಳಲ್ಲಿ ಇದು ಸಿಗುವುದು ಅಪರೂಪ.

ಅಣ್ಣನವರ ಜೊತೆ ಜಗಳ ಬೇಡ. ಎಲ್ಲದರ ಫೋಟೋ ತೆಗೆಯಿರಿ. ಹೆಸರಿರುವವನ್ನು ಉಳಿಸಿಕೊಳ್ಳಿ. ಹೆಸರಿಲ್ಲದ, ಒಡೆದ, ಎರಡೆರಡು ಇರುವವನ್ನು ಅವರು ಹಾಕಲಿ. ಉಳಿಸಿದ ಪಾತ್ರೆಗಳನ್ನು ಹುಣಸೆಹಣ್ಣು, ಬೂದಿ ಹಾಕಿ ಫಳಫಳ ಹೊಳೆಯುವಂತೆ ಮೇಲಿಂದ ಮೇಲೆ ತಿಕ್ಕಬೇಡಿ. ಪ್ರತಿ ಸಲ ತಿಕ್ಕಿದಾಗಲೂ ಅಕ್ಷರ ಸ್ವಲ್ಪ ಸ್ವಲ್ಪ ಅಳಿಯುತ್ತದೆ. ಒಣ ಬಟ್ಟೆಯಲ್ಲಿ ಒರೆಸಿ ಇಟ್ಟರೆ ಸಾಕು.

ಕೌದಿಯನ್ನೂ ಹೀಗೇ ಓದಬಹುದು. ಹಗಲು ಬೆಳಕಿನಲ್ಲಿ ನೆಲಕ್ಕೆ ಹಾಸಿ, ಎರಡೂ ಮಗ್ಗುಲು ಫೋಟೋ ತೆಗೆದು, ಆಮೇಲೆ ಮನೆಯ ಹಿರಿಯ ಹೆಣ್ಣುಮಕ್ಕಳನ್ನು ಅದರ ಸುತ್ತ ಕೂರಿಸಿ. ಈ ತುಂಡು ಇಳಕಲ್ ಸೀರೆಯದು, ಇದು ಯಾರ ಕುಬಸದ್ದು, ಇದು ಅಜ್ಜನ ಧೋತರದ್ದು ಅಂತ ತಾವಾಗಿಯೇ ಹೇಳಲು ಶುರು ಮಾಡುತ್ತಾರೆ. ನೀವು ಸುಮ್ನೆ ಕೇಳಿಸಿಕೊಳ್ಳಿ. ಹೊಲಿದವರು ಮನೆಯವರೋ, ಹೊಲಿಯಲು ಕರೆಸಿದವರೋ? ಕರೆಸಿದ್ದರೆ ಏನು ಕೊಟ್ಟರು? ಹೊಲಿಯುವಾಗ ಹಾಡುತ್ತಿದ್ದರೇ? ಕೌದಿಯನ್ನು ಮಿಷನ್‌ಗೆ ಹಾಕಿ ಒಗೆಯಬೇಡಿ. ನೆರಳಿನಲ್ಲಿ ಗಾಳಿಗೆ ಹರಡಿ, ಬಿಳಿ ಹತ್ತಿ ಬಟ್ಟೆಯಲ್ಲಿ ಸುತ್ತಿಡಿ. ವರ್ಷಕ್ಕೆ ಒಂದೆರಡು ಸಲ ತೆಗೆದು ಬೇರೆ ಕಡೆ ಮಡಿಕೆ ಮಾಡಿ. ಒಂದೇ ಕಡೆ ಮಡಚಿದರೆ ಅಲ್ಲೇ ಹರಿಯುತ್ತದೆ. ಪ್ಲಾಸ್ಟಿಕ್ ಚೀಲ ಬೇಡವೇ ಬೇಡ. ತೇವ ಒಳಗೇ ನಿಂತುಬಿಡುತ್ತದೆ.

ಬಣ್ಣದ ತೊಟ್ಟಿಲು ಬಹುಶಃ ಕಿನ್ನಾಳದ್ದು. ಕೊಪ್ಪಳದ ಹತ್ತಿರದ ಆ ಊರಿನ ಚಿತ್ರಗಾರರು ಹಗುರ ಮರದಲ್ಲಿ ಗೊಂಬೆ, ತೊಟ್ಟಿಲು ಮಾಡುವುದರಲ್ಲಿ ಹೆಸರಾದವರು. ಮರದ ಹೊಟ್ಟು, ಹುಣಸೆಬೀಜದ ಅಂಟು ಸೇರಿಸಿ ಮೆತ್ತಿ, ಅದರ ಮೇಲೆ ಬಣ್ಣ ಕೊಡುತ್ತಾರೆ. ಈ ಅಂಟಿಗೆ ನೀರು ಶತ್ರು. ಒದ್ದೆ ಬಟ್ಟೆ ತಾಗಿಸಬೇಡಿ. ವಾರ್ನಿಶ್ ಹೊಡೆಸಬೇಡಿ. ಹೊಸ ಬಣ್ಣವಂತೂ ಖಂಡಿತ ಬೇಡ. ಮೆತ್ತಗಿನ ಬ್ರಷ್‌ನಲ್ಲಿ ಧೂಳು ಕೊಡವಿ, ಉದುರಿದ ಚೂರುಗಳಿದ್ದರೆ ಪೊಟ್ಟಣ ಕಟ್ಟಿಡಿ. ಫೋಟೋ ಹಿಡಿದು ಕಿನ್ನಾಳಕ್ಕೇ ಹೋಗಿ ತೋರಿಸಿ. ಯಾವ ಕಾಲದ ಕೆಲಸ, ಯಾರ ಮನೆಯ ಕೈ ಅಂತ ಹೇಳಬಲ್ಲವರು ಅಲ್ಲಿ ಸಿಗಬಹುದು. ಆ ತೊಟ್ಟಿಲಲ್ಲಿ ಮಲಗಿದ ಮಕ್ಕಳ ಪಟ್ಟಿ ಬರೆಯಿರಿ. ಬದುಕಿ ಉಳಿದವರದ್ದು ಮಾತ್ರ ಅಲ್ಲ. ಹೆಸರಿಡುವ ಮೊದಲೇ ಹೋದ ಕೂಸುಗಳು ಆ ಕಾಲದಲ್ಲಿ ಮನೆ ಮನೆಯಲ್ಲೂ ಇದ್ದವು. ಅವನ್ನು ಯಾವ ರಿಜಿಸ್ಟರೂ ಬರೆದುಕೊಂಡಿಲ್ಲ. ಅಜ್ಜಿಯರು ಮಾತ್ರ ಎಣಿಸಿಟ್ಟುಕೊಂಡಿದ್ದರು.

ಉರ್ದು ಕಾಗದಗಳನ್ನು ನೋಡಿ ಗಾಬರಿ ಆಗಬೇಡಿ. 1948ರ ಸೆಪ್ಟೆಂಬರ್‌ವರೆಗೆ ಕೊಪ್ಪಳ, ರಾಯಚೂರು ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದವು. ಕಚೇರಿಯ ಭಾಷೆ ಉರ್ದು. ಮನೆಯಲ್ಲಿ ಕನ್ನಡ ಮಾತಾಡುವ ರೈತನ ಹೊಲದ ಪಾವತಿಯೂ ಉರ್ದುವಿನಲ್ಲೇ ಬರುತ್ತಿತ್ತು. ಹೊಳೆಯಾಚೆಯ ಬಳ್ಳಾರಿಯದು ಬೇರೆ ಕಥೆ. ಅದು ಮದ್ರಾಸ್ ಪ್ರಾಂತ್ಯದಲ್ಲಿತ್ತು, ಮೈಸೂರಿಗೆ ಸೇರಿದ್ದು 1953ರಲ್ಲಿ. ಆ ಕಡೆ ಬೀಗತನ ಇದ್ದ ಮನೆಗಳಲ್ಲಿ ಇಂಗ್ಲಿಷ್, ತೆಲುಗು ಕಾಗದಗಳೂ ಇರಬಹುದು. ಟ್ರಂಕಿನ ತಳದಲ್ಲಿ ಚಾರ್‌ಮಿನಾರ್ ಚಿತ್ರದ ನಾಣ್ಯ ಸಿಕ್ಕರೆ ಅದು ಹಾಲಿ ಸಿಕ್ಕಾ, ನಿಜಾಮರ ಸ್ವಂತ ನಾಣ್ಯ. ಹೊಳೆ ದಾಟಿ ಸಂತೆಗೆ ಹೋದವರು ರೂಪಾಯಿಯನ್ನೇ ಬದಲಾಯಿಸಿಕೊಳ್ಳಬೇಕಿತ್ತು. ಏಳು ಹಾಲಿ ರೂಪಾಯಿಗೆ ಹೆಚ್ಚುಕಡಿಮೆ ಆರು ಬ್ರಿಟಿಷ್ ರೂಪಾಯಿ. ಈ ಲೆಕ್ಕ ಹಿರಿಯರಿಗೆ ನೆನಪಿದೆಯಾ, ಕೇಳಿ ನೋಡಿ.

ಗಂಟು ಬಿಚ್ಚುವಾಗ ಕಾಗದಗಳ ಕ್ರಮ ಕೆಡಿಸಬೇಡಿ. ಯಾವುದರ ಜೊತೆ ಯಾವುದು ಕಟ್ಟಿದ್ದರು ಅನ್ನುವುದೂ ಒಂದು ಸುಳಿವು. ಮೇಲಿನಿಂದ ಒಂದೊಂದೇ ತೆಗೆದು, ಸಂಖ್ಯೆ ಕೊಟ್ಟು, ಎರಡೂ ಮಗ್ಗುಲು ಫೋಟೋ ತೆಗೆಯಿರಿ. ಸಂಖ್ಯೆಯನ್ನು ಹಿಂಬದಿ ಮೂಲೆಯಲ್ಲಿ ಮೆತ್ತಗಿನ ಪೆನ್ಸಿಲ್‌ನಲ್ಲಿ ಬರೆಯಿರಿ, ಪೆನ್ನು ಬೇಡ. ಪಿನ್ನು, ಸ್ಟೇಪಲ್ ತುಕ್ಕು ಹಿಡಿದಿದ್ದರೆ ಮೆಲ್ಲಗೆ ಬಿಡಿಸಿ. ಲ್ಯಾಮಿನೇಶನ್ ಮಾಡಿಸುವ ಯೋಚನೆ ಬಂದರೆ ಅದನ್ನು ಅಲ್ಲಿಗೇ ಬಿಡಿ. ಬಿಸಿಯಿಂದ ಕಾಗದಕ್ಕೆ ಅಂಟಿದ ಆ ಹಾಳೆಯನ್ನು ಮತ್ತೆ ಬಿಡಿಸಲು ಆಗುವುದಿಲ್ಲ. ಸೆಲ್ಲೋಟೇಪೂ ಅಷ್ಟೇ, ಕೆಲವು ವರ್ಷದಲ್ಲಿ ಹಳದಿ ಕಲೆ ಬಿಟ್ಟು ಕಿತ್ತು ಬರುತ್ತದೆ. ತಗಡಿನ ಮಾಳಿಗೆಯ ಕೆಳಗೆ ನಮ್ಮ ಏಪ್ರಿಲ್, ಮೇ ಬಿಸಿಲನ್ನು ಕಾಗದ ತಡೆಯುವುದಿಲ್ಲ. ಮನೆಯಲ್ಲಿ ಎಲ್ಲಕ್ಕಿಂತ ತಂಪಾದ ಕೋಣೆಯಲ್ಲಿ, ನೆಲದಿಂದ ಎತ್ತರದಲ್ಲಿ, ಗೋಡೆಗೆ ತಾಗದಂತೆ ಇಡಿ. ಗೆದ್ದಲು ಬಂದಿದೆಯಾ ಅಂತ ತಿಂಗಳಿಗೊಮ್ಮೆ ನೋಡಿ.

ಓದಿಸಲು ಹಳೇ ತಲೆಮಾರಿನ ಉರ್ದು ಮಾಸ್ತರರನ್ನು ಹುಡುಕಿ. ಗಂಗಾವತಿ, ಕೊಪ್ಪಳ, ರಾಯಚೂರಿನಲ್ಲಿ ಅಂಥವರು ಸಿಗುತ್ತಾರೆ. ಓಡುಬರಹ ಓದಲು ರೂಢಿ ಬೇಕು, ಅಚ್ಚಿನ ಉರ್ದು ಬಂದರೆ ಸಾಲದು. ಕಾಗದದ ಮೇಲೆ ಇರುವ ವರ್ಷ ಫಸಲಿ ವರ್ಷ, ಅಂದರೆ ನಿಜಾಮರ ಕಂದಾಯದ ಲೆಕ್ಕದ ವರ್ಷ ಆಗಿರಬಹುದು. ಅದಕ್ಕೆ 590 ಕೂಡಿಸಿ. ಫಸಲಿ 1345 ಅಂದರೆ 1935–36. ಕನ್ನಡದ ಪತ್ರಗಳಲ್ಲಿ ಸಂವತ್ಸರದ ಹೆಸರು ಬರುತ್ತದೆ. ಅದು ಅರವತ್ತು ವರ್ಷಕ್ಕೊಮ್ಮೆ ತಿರುಗಿ ಬರುವುದರಿಂದ ಬೇರೆ ಸುಳಿವು ಸೇರಿಸಿ ನೋಡಬೇಕು. ಈಶ್ವರ ಸಂವತ್ಸರ 1877ರಲ್ಲೂ ಇದೆ, 1937ರಲ್ಲೂ ಇದೆ. ಮೊದಲನೆಯದು ಮಹಾ ಬರದ ವರ್ಷ, ಧಾತು ಈಶ್ವರದ ಬರ ಅಂತ ಹಿರಿಯರು ಹೇಳುತ್ತಿದ್ದದ್ದು ಅದನ್ನೇ. ಒಂದು ಎಚ್ಚರಿಕೆ. ಹೊಲ, ಪಾಲು, ಸಾಲದ ಕಾಗದಗಳ ಫೋಟೋವನ್ನು ವಾಟ್ಸಾಪ್ ಗುಂಪಿಗೆ ಹಾಕಬೇಡಿ. ಎಪ್ಪತ್ತು ವರ್ಷದ ಹಿಂದಿನ ಪಾಲಿನ ಪತ್ರ ಇವತ್ತು ದಾಯಾದಿಗಳ ನಡುವೆ ಕೋರ್ಟು ಕಚೇರಿ ತಂದಿಡಬಹುದು.

ಇನ್ನು ಹಿರಿಯರ ಮಾತು. "ಊರಿನ ಇತಿಹಾಸ ಹೇಳಿ" ಅಂತ ಕೇಳಿದರೆ, "ನಮಗೇನ್ ಗೊತ್ತವ್ವ, ಗೌಡರನ್ನ ಕೇಳು" ಅಂತಾರೆ. ಕೈಯಲ್ಲಿ ಒಂದು ವಸ್ತು ಕೊಟ್ಟು ಕೇಳಿ. ಕೂರಿಗೆಯ ಬಟ್ಟಲು ಕೊಟ್ಟರೆ ಬಿತ್ತನೆ ಬರುತ್ತದೆ, ಬಿತ್ತನೆಯ ಹಿಂದೆ ಬೀಜದ ಜೋಳದ ತಳಿಗಳು, ಅವುಗಳ ಹಿಂದೆ ಸಾಲ ಕೊಟ್ಟವರು. ಬೀಸುವ ಕಲ್ಲಿನ ಮುಂದೆ ಕೂರಿಸಿದರೆ ಬೀಸುವ ಪದ, ಅಂದರೆ ಹಾಡು, ತಾನಾಗಿ ಬರುತ್ತದೆ. ಪದಗಳಲ್ಲಿ ಎಷ್ಟೊಂದು ಊರು, ಹೆಸರು, ಅತ್ತೆ ಮನೆಯ ನೋವು ಅಡಗಿದೆ! ಅವನ್ನು ಪೂರ್ತಿ ಮುದ್ರಿಸಿಕೊಳ್ಳಿ, ಮಧ್ಯೆ ನಿಲ್ಲಿಸಬೇಡಿ. ವರ್ಷ ಕೇಳಿದರೆ ಯಾರಿಗೂ ಗೊತ್ತಿರುವುದಿಲ್ಲ. ರಜಾಕಾರರ (ನಿಜಾಮರ ಪರ ನಿಂತ ಸಶಸ್ತ್ರ ಪಡೆಯ) ಗದ್ದಲಕ್ಕೆ ಮುಂಚೆಯೋ ಆಮೇಲೋ ಅಂತ ಕೇಳಿ, ಅದು 1947–48. ಡ್ಯಾಮ್ ಕಟ್ಟುವಾಗಲೋ ಅಂತ ಕೇಳಿ. ತುಂಗಭದ್ರೆಗೆ ಅಡಿಗಲ್ಲು ಹಾಕಿದ್ದು 1945ರಲ್ಲಿ, ಕಾಲುವೆಗೆ ನೀರು ಬಿಟ್ಟದ್ದು 1953ರಲ್ಲಿ. 1972ರ ಬರದ ಗಂಜಿ ಕೇಂದ್ರ ನೆನಪಿದೆಯಾ ಅಂತ ಕೇಳಿ. ಈ ಗೂಟಗಳಿಗೆ ಕಟ್ಟಿದರೆ ಮದುವೆ, ಹೆರಿಗೆ, ಹೊಲ ಮಾರಿದ ವರ್ಷ ಎಲ್ಲ ಸರಿಯಾಗಿ ಕೂರುತ್ತವೆ.

ಪ್ರತಿ ಮುದ್ರಣದ ಶುರುವಿನಲ್ಲಿ ತಾರೀಖು, ಊರು, ಯಾರು ಮಾತಾಡುತ್ತಿದ್ದಾರೆ ಅಂತ ನೀವೇ ಬಾಯಿಬಿಟ್ಟು ಹೇಳಿ. ಇದನ್ನು ಯಾರ್ಯಾರು ಕೇಳಬಹುದು ಅಂತ ಅವರನ್ನು ಕೇಳಿ, ಉತ್ತರವೂ ಮುದ್ರಣದಲ್ಲಿರಲಿ. ಟಿವಿ, ಫ್ಯಾನ್ ಆರಿಸಿ. ಒಂದೂವರೆ ತಾಸಿಗಿಂತ ಜಾಸ್ತಿ ಕೂರಿಸಬೇಡಿ. ಎರಡನೇ ಸಲ ಹೋದಾಗ ಮಾತು ಇನ್ನೂ ಚೆನ್ನಾಗಿ ಬರುತ್ತದೆ.

ರಜಾಕಾರರ ಕಾಲದ ಬಗ್ಗೆ ಒಂದು ಮಾತು ಬೇರೆಯಾಗಿ ಹೇಳಬೇಕು. ಕೊಪ್ಪಳ ಸೀಮೆಯ ಎಷ್ಟೋ ಜನ ಸಂಸ್ಥಾನದ ಗಡಿಯಾಚೆ ಮುಂಡರಗಿಯಲ್ಲಿದ್ದ ನಿಜಾಮ ವಿರೋಧಿ ಹೋರಾಟಗಾರರ ಶಿಬಿರ ಸೇರಿದ್ದರು. ಅಳವಂಡಿ ಶಿವಮೂರ್ತಿಸ್ವಾಮಿಗಳು ಅದರ ಮುಂದಾಳು. ಅಲ್ಲಿಗೆ ಹೋದವರ ಮನೆಗಳಲ್ಲಿ ಹೆಮ್ಮೆಯ ಕಥೆಗಳಿವೆ, ಕೇಳಿ. ಅದೇ ಊರಿನ ಮುಸ್ಲಿಂ ಮನೆಗಳಲ್ಲೂ ಆ ವರ್ಷದ ನೆನಪುಗಳಿವೆ. ಯಾರು ಯಾರನ್ನು ಕಾಪಾಡಿದರು, ಯಾರು ಊರು ಬಿಟ್ಟರು ಅನ್ನುವುದನ್ನು ಅವರ ಬಾಯಿಂದಲೂ ಕೇಳಿ. ಒಬ್ಬರ ಮಾತನ್ನು ಇನ್ನೊಬ್ಬರ ಮುಂದೆ ಹೇಳಿ ಪಂಚಾಯಿತಿ ಮಾಡಬೇಡಿ. ಎರಡನ್ನೂ ಅವರವರು ಹೇಳಿದಂತೆಯೇ ಬರೆದಿಡಿ. ಬದುಕಿರುವವರ ಮೇಲಿನ ಆರೋಪ ಇದ್ದರೆ ಹೊರಗೆ ಬಿಡಬೇಡಿ.

ಇನ್ನೂರು ವರ್ಷದ ಹಿಂದೆ ಕಾಲಿನ್ ಮೆಕೆಂಜಿ ಎಂಬ ಸರ್ವೆ ಅಧಿಕಾರಿ ಬಳ್ಳಾರಿ ಸೀಮೆಯ ಊರೂರುಗಳಿಂದ ಕೈಫಿಯತ್ತು, ಅಂದರೆ ಆಯಾ ಊರಿನ ಚರಿತ್ರೆಯ ವರದಿ ಬರೆಸಿದ. ಇವತ್ತಿಗೂ ಅವು ನಮಗೆ ದೊಡ್ಡ ಆಸ್ತಿ. ಆದರೆ ಅವನ ಜನ ಕೇಳಿದ್ದು ಹೆಚ್ಚಾಗಿ ಶಾನುಭೋಗರನ್ನು, ಊರ ಮುಖ್ಯಸ್ಥರನ್ನು. ಬೀಸುವವರನ್ನು, ಕಳೆ ಕೀಳುವವರನ್ನು ಕೇಳಲಿಲ್ಲ. ನೀವು ಆ ಕೊರತೆ ತುಂಬಬಹುದು. ನಿಮ್ಮದು ಟ್ರಂಕು ಇದ್ದ ಮನೆ. ಟ್ರಂಕು ಇಲ್ಲದ ಮನೆಗಳೇ ಊರಲ್ಲಿ ಜಾಸ್ತಿ. ಕುಂಬಾರರು, ಬಡಿಗೇರರು, ಮಾದಿಗರ ಕೇರಿ, ಹೊಲೆಯರ ಕೇರಿ, ಎಲ್ಲ ಕಡೆ ಹೋಗಿ. ಯಾವ ಮನೆಯಿಂದ ಎಷ್ಟು ಆಯ (ಕೆಲಸಕ್ಕೆ ಕೊಡುವ ಕಾಳಿನ ಪಾಲು) ಬರುತ್ತಿತ್ತು, ಅದಕ್ಕೆ ಏನೇನು ಕೆಲಸ ಮಾಡಬೇಕಿತ್ತು, ಯಾವ ವರ್ಷ ಅದು ನಿಂತಿತು? ಕೇರಿಗೆ ನೀರು ಎಲ್ಲಿಂದ ತರುತ್ತಿದ್ದರು? ಅಲ್ಲಿ ಹಿತ್ತಾಳೆ ಸಿಗದೆ ಇರಬಹುದು. ಬಾರಿಸುವ ಒಂದು ಹಲಗೆ, ತೊಗಲು ಕೊಯ್ಯುವ ಒಂದು ರಂಪಿಗೆ, ಮೊದಲು ಎಸ್ಸೆಸ್ಸೆಲ್ಸಿ ಪಾಸಾದವರ ಮಾರ್ಕ್ಸ್ ಕಾರ್ಡು ಸಿಗುತ್ತದೆ.

ಗುಳೆಯನ್ನು ಮರೆಯಬೇಡಿ. ಕುಷ್ಟಗಿ ಕಡೆಯ ಒಣ ಹೊಲ ಬಿಟ್ಟು ಗಂಗಾವತಿ, ಸಿಂಧನೂರಿನ ನೀರಾವರಿ ಕ್ಯಾಂಪುಗಳಿಗೆ ಭತ್ತದ ನಾಟಿಗೆ ಹೋದವರು, ಗೋವಾ, ಮಂಗಳೂರು, ಬೆಂಗಳೂರಿಗೆ ಕಟ್ಟಡ ಕೆಲಸಕ್ಕೆ ಹೋದವರು ನಿಮ್ಮೂರಲ್ಲೂ ಇರುತ್ತಾರೆ. ಅವರ ಇತಿಹಾಸ ಹಳೇ ಮೊಬೈಲ್‌ಗಳಲ್ಲಿದೆ. ಶೆಡ್ಡಿನ ಮುಂದೆ ನಿಂತು ತೆಗೆಸಿಕೊಂಡ ಫೋಟೋ, ಅಲ್ಲೇ ಹುಟ್ಟಿದ ಮಗುವಿನ ವಿಡಿಯೊ. ಹಿತ್ತಾಳೆಗಿಂತ ಅವು ಬೇಗ ಹೋಗುತ್ತವೆ. ಫೋನ್ ಕೆಟ್ಟರೆ ಮುಗಿಯಿತು. ಅವನ್ನೂ ಪ್ರತಿ ಮಾಡಿಕೊಳ್ಳಿ.

ಪ್ರತಿಗಳು ಮೂರು ಕಡೆ ಇರಲಿ. ಒಂದು ನಿಮ್ಮ ಹಾರ್ಡ್‌ಡಿಸ್ಕ್‌ನಲ್ಲಿ, ಇನ್ನೊಂದು ಬೇರೆ ಊರಿನಲ್ಲಿರುವ ನೆಂಟರ ಹತ್ತಿರ, ಮತ್ತೊಂದು ಇಂಟರ್ನೆಟ್‌ನ ಖಾತೆಯಲ್ಲಿ. ಹಳೇ ಫೋಟೋಗಳನ್ನು 600 ಡಿಪಿಐನಲ್ಲಿ ಸ್ಕ್ಯಾನ್ ಮಾಡಿಸಿ. ಇದೆಲ್ಲದರ ಜೊತೆ ಒಂದು ದಪ್ಪ ರಟ್ಟಿನ ರಿಜಿಸ್ಟರ್ ಇಡಿ. ವಸ್ತುವಿನ ಸಂಖ್ಯೆ, ಯಾರ ಮನೆ, ಯಾರು ಹೇಳಿದರು, ಏನು ಹೇಳಿದರು ಅಂತ ಕೈಯಲ್ಲೇ ಬರೆಯಿರಿ. ತಾಳೆಗರಿ, ಕಡತ, ಹಳೇ ಹಸ್ತಪ್ರತಿ ಸಿಕ್ಕರೆ ನೀವೇ ಒರೆಸಲು ಹೋಗಬೇಡಿ. ಹಂಪಿಯ ಕನ್ನಡ ವಿಶ್ವವಿದ್ಯಾಲಯದಲ್ಲಿ ಹಸ್ತಪ್ರತಿ ವಿಭಾಗ ಇದೆ, ಅವರನ್ನು ಕೇಳಿ. ಮನೆ ಕೆಡವುವಾಗ ನೆಲದಲ್ಲಿ ನಾಣ್ಯದ ಗಡಿಗೆಯೋ ವಿಗ್ರಹವೋ ಸಿಕ್ಕರೆ ಕಾನೂನಿನ ಪ್ರಕಾರ ಜಿಲ್ಲಾಡಳಿತಕ್ಕೆ ತಿಳಿಸಬೇಕು. ಇದನ್ನು ಅಣ್ಣನವರಿಗೂ, ಕೆಲಸಗಾರರಿಗೂ ಮೊದಲೇ ಹೇಳಿಡಿ.

ಮ್ಯೂಸಿಯಂ ಆಸೆಯನ್ನು ಪೂರ್ತಿ ಬಿಡಬೇಡಿ. ರಿಜಿಸ್ಟರ್ ಅರ್ಧ ತುಂಬಿದ ಮೇಲೆ ಒಂದೇ ಒಂದು ದಿನದ ಪ್ರದರ್ಶನ ಇಡಿ. ಊರ ಜಾತ್ರೆ ಆಗಬಹುದು, ಇಲ್ಲವೇ ನಿಜಾಮರ ಆಳ್ವಿಕೆ ಮುಗಿದ ನೆನಪಿಗೆ ಶಾಲೆಯಲ್ಲಿ ಹೇಗೂ ಧ್ವಜ ಏರಿಸುವ ಸೆಪ್ಟೆಂಬರ್ 17 ಆಗಬಹುದು. ಪ್ರತಿ ಮನೆಯಿಂದ ಒಂದೇ ವಸ್ತು, ಮನೆಯವರೇ ಹಿಡಿದು ಬರಬೇಕು, ಅದರ ಪಕ್ಕದಲ್ಲಿ ಅವರೇ ಕೂರಬೇಕು. ಕೇರಿ ಕೇರಿಗೆ ಬೇರೆ ಸಾಲು ಮಾಡಬೇಡಿ, ಬಂದ ಕ್ರಮದಲ್ಲಿ ಇಡಿ. ಮಕ್ಕಳು ಪ್ರಶ್ನೆ ಕೇಳಲಿ, ಹಿರಿಯರು ಹೇಳಲಿ. ಹೈಸ್ಕೂಲಿನ ಇಬ್ಬರು ಹುಡುಗಿಯರು ಫೋನ್ ಹಿಡಿದು ಮುದ್ರಿಸಿಕೊಳ್ಳಲಿ. ಸಂಜೆ ಪ್ರತಿ ವಸ್ತು ಅದರ ಮನೆಗೆ ವಾಪಸ್ ಹೋಗಬೇಕು. ಅದು ಹೋಯಿತೋ ಇಲ್ಲವೋ ಅಂತ ರಿಜಿಸ್ಟರ್‌ನಲ್ಲಿ ಗುರುತು ಹಾಕಿಸಿ, ಮನೆಯವರ ಸಹಿ ಅಥವಾ ಹೆಬ್ಬೆಟ್ಟು ತೆಗೆದುಕೊಳ್ಳಿ.